ಕನಿಷ್ಠ ಬಾಕಿಯೆಂಬ ಸೌಜನ್ಯ

ನಮ್ಮ ದೇಶದಲ್ಲಿ ಡೆಬಿಟ್ ಕಾರ್ಡುಗಳ ಸಂಖ್ಯೆ 90 ಕೋಟಿಯನ್ನು ಮೀರಿದ್ದರೆ, ಕ್ರೆಡಿಟ್ ಕಾರ್ಡುಗಳು 2024ರಲ್ಲಿ 10 ಕೋಟಿಯನ್ನು ಮುಟ್ಟಿದುವಷ್ಟೆ. ಆದರೂ ಖರೀದಿಗಾಗಿ ಈ ಅಲ್ಪಸಂಖ್ಯಾತ ವರ್ಗದ ಮೂಲಕ ವ್ಯಯವಾಗುವ ಹಣವು ಮೊದಲನೆಯದರ ದುಪ್ಪಟ್ಟಿಗೂ ಮಿಗಿಲೆಂಬುದು ಗೃಹಸ್ಥರೆಲ್ಲರೂ ಪರ್ಯಾಲೋಚಿಸತಕ್ಕ ಸಂಗತಿ.

2016ರ ನೋಟು ರದ್ದತಿಯ ಕಾಲದಲ್ಲಿ ಡೆಬಿಟ್ ಕಾರ್ಡು ಉಜ್ಜುವುದನ್ನು ರೂಢಿಸಿಕೊಂಡ ಜನರು, ಯುಪಿಐ ಬಳಕೆ ಹರಡಿದಂತೆ ಅದನ್ನು ಎಟಿಎಮ್ಮಿಗೆ ಮೀಸಲಿಟ್ಟರು. 2020ರ ಜನವರಿಯಿಂದ ಯುಪಿಐ ಪಾವತಿಗೆ ವರ್ತಕನು ಶುಲ್ಕ ತೆರಬೇಕಾಗಿಲ್ಲವಾದ್ದರಿಂದ, ಸೊಪ್ಪು ಮಾರುವವಳ ಗಾಡಿಗೂ ಕ್ಯೂಆರ್ ಕೋಡು ಅಂಟಿಕೊಂಡಿತು. ಹೀಗೆ ಸ್ವಂತ ಹಣದ ಖರ್ಚು ಮೊಬೈಲಿಗೆ ಸರಿದು, ಕಾರ್ಡಿನ ಪಾಲಿಗೆ ಮುಖ್ಯವಾಗಿ ಉಳಿದದ್ದು ಸಾಲದ ಖರ್ಚು. 2022ರಿಂದೀಚೆಗೆ ರುಪೇ ಕ್ರೆಡಿಟ್ ಕಾರ್ಡನ್ನು ಯುಪಿಐಗೇ ಜೋಡಿಸಬಹುದಾದ್ದರಿಂದ, ಆ ಸಾಲಕ್ಕೂ ಸೊಪ್ಪಿನ ಗಾಡಿಯವರೆಗೆ ದಾರಿಯಾಗಿದೆ.

ಸಾಲವು ನಮಗೆ ಹೊಸತಲ್ಲ. ಹಿಂದೆ ಉದ್ರಿ ಕೊಡುತ್ತಿದ್ದ ಕಿರಾಣಿ ಶೆಟ್ಟರು ಗಿರಾಕಿಯ ಸಂಬಳವನ್ನೂ ಮನೆಯ ಕಷ್ಟವನ್ನೂ ಬಲ್ಲವರಾಗಿದ್ದು, ಬಾಕಿ ಬೆಳೆದಾಗ ಮುಖ ಗಂಟಿಕ್ಕುತ್ತಿದ್ದರು. ಇಂದಿನ ಬ್ಯಾಂಕು, ಅದಕ್ಕೆ ವಿಪರೀತವಾಗಿ, ಮಿತಿಯನ್ನು ಏರಿಸಿಕೊಳ್ಳಿರೆಂದು ವಿನಯಪೂರ್ವಕವಾಗಿ ಬಿನ್ನವಿಸುತ್ತದೆ. ಪೂರ್ತಿ ಬಾಕಿಯನ್ನು ಗಡುವಿನೊಳಗೆ ತೀರಿಸುವವನಿಗೆ ಕಾರ್ಡು ಉಪಕಾರಿಯೇ ಸರಿ. ಸುಮಾರು 45 ದಿನಗಳವರೆಗೆ ಬಡ್ಡಿಯಿಲ್ಲದ ಹಣವನ್ನು ಇನ್ನಾರು ಕೊಟ್ಟಾರು? ಅಪಾಯವಿರುವುದು ಬಿಲ್ಲಿನಲ್ಲಿ ‘ಕನಿಷ್ಠ ಬಾಕಿ’ ಎಂದು ಸೌಜನ್ಯದಿಂದ ನಮೂದಿಸಿದ ಅಂಕಿಯಲ್ಲಿ. 10,000 ರೂಪಾಯಿಯ ಬಾಕಿಗೆ ಶೇಕಡ 5ರಂತೆ 500 ರೂಪಾಯಿ ಕಟ್ಟಿದವನು, ಉಳಿದ 9,500ರ ಮೇಲೆ ತಿಂಗಳಿಗೆ ಶೇಕಡ 3.5ರ ಬಡ್ಡಿಯನ್ನೂ ಆ ಬಡ್ಡಿಯ ಮೇಲೆ ಶೇಕಡ 18ರ ಜಿಎಸ್‌ಟಿಯನ್ನೂ ತೆತ್ತಾಗ, ಅವನ ಸಾಲ ಇಳಿದದ್ದು ನೂರು ರೂಪಾಯಿಯ ಆಸುಪಾಸು ಮಾತ್ರ. ಸಾಲದುದಕ್ಕೆ, ಬಾಕಿ ತೀರುವ ತನಕ ಹೊಸ ಖರೀದಿಗೂ ಬಡ್ಡಿರಹಿತ ಅವಧಿ ಲಭಿಸದು.

ವಾರ್ಷಿಕ ಬಡ್ಡಿಗೆ ರಾಷ್ಟ್ರೀಯ ಗ್ರಾಹಕ ಆಯೋಗವು 2008ರಲ್ಲಿ ವಿಧಿಸಿದ್ದ ಶೇಕಡ 30ರ ಮಿತಿಯನ್ನು ಸುಪ್ರೀಂ ಕೋರ್ಟು 2024ರ ಡಿಸೆಂಬರಿನಲ್ಲಿ ತೆಗೆದುಹಾಕಿದ ಮೇಲಂತೂ ಗ್ರಾಹಕನಿಗೆ ಸ್ವಂತ ಎಚ್ಚರವೇ ಆಸರೆ. ಕನಿಷ್ಠ ಮೊತ್ತವನ್ನಷ್ಟೇ ಕಟ್ಟಿದರೆ ಸಾಲ ತೀರಲು ವರ್ಷಗಳೇ ಹಿಡಿಯಬಹುದೆಂಬ ಎಚ್ಚರಿಕೆಯನ್ನು ಬಿಲ್ಲಿನಲ್ಲಿ ಮುದ್ರಿಸಬೇಕೆಂದು ರಿಸರ್ವ್ ಬ್ಯಾಂಕು ವಿಧಿಸಿದೆ. ಕರ್ನಾಟಕದ ಗ್ರಾಹಕರಿಗೆ ಆ ವಾಕ್ಯವನ್ನು ಕನ್ನಡದಲ್ಲಿ, ಕನಿಷ್ಠ ಬಾಕಿಯ ಅಂಕಿಯಷ್ಟೇ ದಪ್ಪ ಅಕ್ಷರದಲ್ಲಿ, ಅದರ ಪಕ್ಕದಲ್ಲಿಯೇ ಅಚ್ಚುಮಾಡಿಸುವ ಉಪಕಾರವನ್ನು ಬ್ಯಾಂಕುಗಳು ಮಾಡಲಿ.