ಪದವಿ ಮತ್ತು ನಡೆನುಡಿ

1916ರಲ್ಲಿ ಮೈಸೂರು ವಿಶ್ವವಿದ್ಯಾನಿಲಯವು ಸ್ಥಾಪನೆಗೊಂಡ ಕಾಲದಲ್ಲಿ ನಾಡಿನಲ್ಲಿ ಪದವೀಧರರು ವಿರಳರಾಗಿದ್ದರು. ಅಂದು ಪದವಿಪತ್ರವೇ ಉದ್ಯೋಗಕ್ಕೆ ದೊಡ್ಡ ಶಿಫಾರಸಾಗಿತ್ತು. ಇಂದು ಆ ಪರಿಸ್ಥಿತಿಯಿಲ್ಲ. ತಾಲ್ಲೂಕು ಕೇಂದ್ರಗಳಲ್ಲಿಯೂ ಕಾಲೇಜುಗಳಿವೆ. ಒಂದೊಂದು ಹುದ್ದೆಗೂ ಸಮಾನ ಅಂಕಗಳನ್ನು ಗಳಿಸಿದ ಹಲವು ಅಭ್ಯರ್ಥಿಗಳು ಸಾಲುಗಟ್ಟಿ ನಿಲ್ಲುತ್ತಾರೆ. ಅಂಕಪಟ್ಟಿಯು ಅವರಲ್ಲಿ ಭೇದವನ್ನು ತೋರಿಸಲಾರದಾದಾಗ, ಆಯ್ಕೆ ಮಾಡುವವರ ದೃಷ್ಟಿಯು ಅಭ್ಯರ್ಥಿಯ ನಡೆನುಡಿಯ ಕಡೆಗೆ ಹೊರಳುವುದು ಸಹಜ.

ಒಂದು ಸಂದರ್ಶನವನ್ನು ಕಲ್ಪಿಸಿಕೊಳ್ಳಬಹುದು. ಪ್ರಥಮ ದರ್ಜೆಯಲ್ಲಿ ತೇರ್ಗಡೆಯಾದ ಒಬ್ಬ ತರುಣ ಮತ್ತು ಒಬ್ಬ ತರುಣಿ ಒಬ್ಬರಾದ ಮೇಲೊಬ್ಬರು ಒಳಗೆ ಹೋಗುತ್ತಾರೆ. ಇಬ್ಬರಿಗೂ ಉತ್ತರ ತಿಳಿಯದ ಒಂದೇ ಪ್ರಶ್ನೆ ಎದುರಾಗುತ್ತದೆ. ತರುಣನು ಪ್ರಶ್ನೆ ಮುಗಿಯುವ ಮುನ್ನವೇ ಕಂಠಪಾಠ ಮಾಡಿದ್ದನ್ನು ಒಪ್ಪಿಸತೊಡಗಿ, ನಡುವೆ ತಡವರಿಸಿ, ತಲೆ ತಗ್ಗಿಸಿ ಕುಳಿತುಬಿಡುತ್ತಾನೆ. ತರುಣಿಯು ಪ್ರಶ್ನೆಯನ್ನು ಪೂರ್ತಿಯಾಗಿ ಕೇಳಿಸಿಕೊಂಡು, "ಇದರ ಉತ್ತರ ನನಗೆ ತಿಳಿಯದು; ಆದರೆ ಹೀಗೆ ಆಲೋಚಿಸಿದರೆ ಉತ್ತರದ ಹತ್ತಿರಕ್ಕೆ ಹೋಗಬಹುದೆಂದು ತೋರುತ್ತದೆ" ಎಂದು, ತಿಳಿದುದರಿಂದ ತಿಳಿಯದುದರ ಕಡೆಗೆ ಹೆಜ್ಜೆಯಿಡುತ್ತಾಳೆ. ಇಬ್ಬರ ಓದೂ ಒಂದೇ. ಆದರೆ ಉದ್ಯೋಗವು ಯಾರಿಗೆ ದೊರೆಯುವುದೆಂದು ಬೇರೆ ಹೇಳಬೇಕಾಗಿಲ್ಲ.

ಗಮನವಿಟ್ಟು ಕೇಳುವುದು, ಸ್ಪಷ್ಟವಾಗಿ ಹೇಳುವುದು, ತಿಳಿಯದುದನ್ನು ಒಪ್ಪಿಕೊಳ್ಳುವುದು, ಹೊತ್ತಿಗೆ ಸರಿಯಾಗಿ ಬರುವುದು, ಹತ್ತು ಜನರೊಡನೆ ಹೊಂದಿಕೊಂಡು ದುಡಿಯುವುದು — ಇವುಗಳನ್ನೇ ಇಂದು ಮೃದು ಕೌಶಲಗಳೆಂದು ಕರೆಯುತ್ತಾರೆ. ಹೆಸರು ಹೊಸದು, ವಿಷಯ ಹಳೆಯದು. ಮಾತು ಬಲ್ಲವನಿಗೆ ಜಗಳವಿಲ್ಲವೆಂಬ ಗಾದೆಯನ್ನು ಅರಿಯದ ಕನ್ನಡಿಗರಿಲ್ಲ. 1918ರಲ್ಲಿ ಅಮೆರಿಕದ ಚಾರ್ಲ್ಸ್ ಮ್ಯಾನ್ ಎಂಬ ವಿದ್ವಾಂಸರು ಎಂಜಿನಿಯರಿಂಗ್ ಶಿಕ್ಷಣವನ್ನು ಕುರಿತು ವರದಿಯೊಂದನ್ನು ಪ್ರಕಟಿಸಿದರು. ಎಂಜಿನಿಯರನಿಗೆ ಯಾವ ಗುಣ ಎಷ್ಟು ಮುಖ್ಯವೆಂದು ಸಾವಿರಾರು ಎಂಜಿನಿಯರುಗಳನ್ನೇ ಕೇಳಿದಾಗ, ಬಹುಮಂದಿ ಶೀಲವನ್ನು ಮೊದಲನೆಯ ಸ್ಥಾನದಲ್ಲಿಯೂ ತಾಂತ್ರಿಕ ನೈಪುಣ್ಯವನ್ನು ಕೊನೆಯ ಸ್ಥಾನದಲ್ಲಿಯೂ ಇರಿಸಿದ್ದರು.

ಯಂತ್ರಗಳು ಬೆಳೆದಂತೆ ಈ ಗುಣಗಳ ಬೆಲೆ ಕುಗ್ಗಲಿಲ್ಲ, ಮತ್ತಷ್ಟು ಹೆಚ್ಚಿತು. ಲೆಕ್ಕ ಹಾಕುವ, ನಕಲು ತೆಗೆಯುವ, ಕಡತ ಹುಡುಕುವ ಕೆಲಸವನ್ನು ಗಣಕಯಂತ್ರವು ವಹಿಸಿಕೊಂಡಿತು. ಸಾಲ ಕೇಳಲು ಬಂದ ರೈತನ ಕಷ್ಟವನ್ನು ಅರಿಯುವುದು, ರೋಗಿಗೆ ಧೈರ್ಯ ಹೇಳುವುದು, ಭಿನ್ನಾಭಿಪ್ರಾಯವುಳ್ಳ ಸಹೋದ್ಯೋಗಿಗಳನ್ನು ಒಂದುಗೂಡಿಸುವುದು ಮನುಷ್ಯನ ಪಾಲಿಗೆ ಉಳಿಯಿತು. ಡೇವಿಡ್ ಡೆಮಿಂಗ್ ಎಂಬ ಅರ್ಥಶಾಸ್ತ್ರಜ್ಞರು 2017ರಲ್ಲಿ ಪ್ರಕಟಿಸಿದ ಅಧ್ಯಯನದಂತೆ, 1980ರಿಂದ 2012ರವರೆಗಿನ ಅವಧಿಯಲ್ಲಿ ಅಮೆರಿಕದ ಪ್ರತಿ 100 ಉದ್ಯೋಗಗಳಲ್ಲಿ ಜನರೊಡನೆ ಹೆಚ್ಚಿನ ಒಡನಾಟವನ್ನು ಬೇಡುವವುಗಳ ಸಂಖ್ಯೆ ಸುಮಾರು 12ರಷ್ಟು ಏರಿತು.

ಇಲ್ಲಿ ಒಂದು ಆಕ್ಷೇಪವುಂಟು. ಈ ಕೌಶಲಗಳು ಅನುಕೂಲಸ್ಥರ ಮನೆಯ ಮಕ್ಕಳಿಗೆ ಮಾತ್ರ ದಕ್ಕುವಂಥವು. ಹಳ್ಳಿಯ ಬಡ ವಿದ್ಯಾರ್ಥಿಯನ್ನು ಹೊರಗಿಡಲು ಇದೊಂದು ಹೊಸ ಜರಡಿಯೆಂದು ಕೆಲವರು ಹೇಳುತ್ತಾರೆ. ಠೀವಿಯ ಉಡುಪನ್ನೂ ಇಂಗ್ಲಿಷಿನ ಉಚ್ಚಾರಣೆಯನ್ನೂ ಕೌಶಲವೆಂದು ಎಣಿಸುವ ಕಡೆಗಳಲ್ಲಿ ಈ ಆಕ್ಷೇಪವು ನ್ಯಾಯವಾದುದೇ. ಇಂಗ್ಲಿಷ್ ಅಗತ್ಯವಾದ ಉದ್ಯೋಗಕ್ಕೆ ಇಂಗ್ಲಿಷನ್ನು ಕಲಿಯಲೇಬೇಕು, ನಿಜ. ಆದರೆ ತನ್ನ ತಾಯ್ನುಡಿಯಲ್ಲಿಯೇ ವಿಷಯವನ್ನು ತಿಳಿಯಾಗಿ ಹೇಳಲಾರದವನು ಇಂಗ್ಲಿಷ್ ಕಲಿತ ಮಾತ್ರಕ್ಕೆ ಅದನ್ನು ಹೇಳಬಲ್ಲನೆ? ತಂದೆಯೊಡನೆ ಸಂತೆಯಲ್ಲಿ ವ್ಯಾಪಾರ ಮಾಡಿದ, ಊರ ಜಾತ್ರೆಯಲ್ಲಿ ಹೊಣೆ ಹೊತ್ತ, ಕಬಡ್ಡಿ ತಂಡದ ಜಗಳಗಳನ್ನು ಬಗೆಹರಿಸಿದ ಹಳ್ಳಿಯ ಹುಡುಗನಲ್ಲಿ ಈ ಕೌಶಲದ ಬೀಜಗಳು ಆಗಲೇ ಮೊಳೆತಿರುತ್ತವೆ. ಅವು ಕೂಡ ಬೆಲೆಯುಳ್ಳ ಸಂಪತ್ತೆಂದು ಅವನಿಗೆ ಯಾರೂ ತಿಳಿಸಿರುವುದಿಲ್ಲ, ಕೊರತೆಯಿರುವುದು ಅಲ್ಲಿಯೇ.

ಈ ಗುಣಗಳು ಹುಟ್ಟಿನಿಂದಲೇ ಬರಬೇಕೆಂಬುದೂ ಸರಿಯಲ್ಲ. ಬೆಂಗಳೂರಿನ ಸಿದ್ಧ ಉಡುಪು ಕಾರ್ಖಾನೆಗಳಲ್ಲಿ ಹೊಲಿಗೆಯ ಕೆಲಸ ಮಾಡುವ ಮಹಿಳೆಯರಿಗೆ ಮಾತುಕತೆ, ಸಮಯಪಾಲನೆ ಮುಂತಾದವುಗಳಲ್ಲಿ ತರಬೇತಿ ನೀಡಿ, ಅದರ ಫಲವನ್ನು ಅರ್ಥಶಾಸ್ತ್ರಜ್ಞರು ಪರಿಶೀಲಿಸಿದರು. ತರಬೇತಿ ಪಡೆದವರ ಕಾರ್ಯಕ್ಷಮತೆಯು ಗಣನೀಯವಾಗಿ ಹೆಚ್ಚಿತು. ಆದರೆ ಅವರ ವೇತನವು ಏರಿದ್ದು ಅತ್ಯಲ್ಪ. ಕೌಶಲವನ್ನು ಕಲಿಯುವುದು ಉದ್ಯೋಗಾರ್ಥಿಯ ಕರ್ತವ್ಯವಾದರೆ, ಕಲಿತ ಕೌಶಲಕ್ಕೆ ತಕ್ಕ ಬೆಲೆ ಕೊಡುವುದು ಉದ್ಯೋಗದಾತನ ಕರ್ತವ್ಯವೆಂಬುದನ್ನು ಮರೆಯಲಾಗದು.

ಕಾಲೇಜುಗಳ ಹೊಣೆಯೂ ಕಡಿಮೆಯಲ್ಲ. ಅಧ್ಯಾಪಕರು ಹೇಳಿದ ಟಿಪ್ಪಣಿಯನ್ನು ಮೂರು ವರ್ಷ ಬರೆದುಕೊಂಡು, ಒಂದು ದಿನವೂ ಎದ್ದುನಿಂತು ಪ್ರಶ್ನೆ ಕೇಳದ ವಿದ್ಯಾರ್ಥಿಯು ಸಂದರ್ಶನದ ದಿನ ಒಮ್ಮೆಲೇ ವಾಗ್ಮಿಯಾಗಬೇಕೆಂದು ಬಯಸುವುದು ಎಷ್ಟರ ಮಟ್ಟಿಗೆ ಸರಿ? ವಿಶ್ವವಿದ್ಯಾನಿಲಯ ಧನಸಹಾಯ ಆಯೋಗವು 2019ರಲ್ಲಿ 'ಜೀವನ್ ಕೌಶಲ್' ಎಂಬ ಪಠ್ಯಕ್ರಮವನ್ನು ರೂಪಿಸಿತು. ಉದ್ದೇಶವು ಒಳ್ಳೆಯದೇ. ಆದರೆ ಅದು ಬಾಯಿಪಾಠ ಮಾಡಿ ಬರೆಯುವ ಇನ್ನೊಂದು ಪ್ರಶ್ನೆಪತ್ರಿಕೆಯಾದರೆ ಪ್ರಯೋಜನವಿಲ್ಲ. ನೀರಿಗಿಳಿಯದೆ ಈಜು ಬಾರದು. ಚರ್ಚಾಕೂಟ, ನಾಟಕ, ಆಟದ ಮೈದಾನ, 1969ರಲ್ಲಿ ಆರಂಭವಾದ ರಾಷ್ಟ್ರೀಯ ಸೇವಾ ಯೋಜನೆಯ ಹಳ್ಳಿಯ ಶಿಬಿರಗಳು — ಇವೇ ಈ ವಿದ್ಯೆಯ ನಿಜವಾದ ಪಾಠಶಾಲೆಗಳು.

ಹಾಗೆಂದು ನಡೆನುಡಿಯೇ ಸರ್ವಸ್ವವಲ್ಲ. ತಿರುಳಿಲ್ಲದ ವಾಕ್ಚಾತುರ್ಯದ ಬಣ್ಣವು ಕೆಲವೇ ದಿನಗಳಲ್ಲಿ ಬಯಲಾಗುತ್ತದೆ. ಹುದ್ದೆಗಳೇ ಇಲ್ಲದ ಕಡೆ ಎಂತಹ ಸವಿಮಾತೂ ಉದ್ಯೋಗವನ್ನು ಸೃಷ್ಟಿಸಲಾರದು. ಅಲ್ಲಿ ನಿರುದ್ಯೋಗಿಯನ್ನೇ ದೂಷಿಸುವುದು ಅನ್ಯಾಯ. ಆದರೆ ಶ್ರಮಪಟ್ಟು ಗಳಿಸಿದ ವಿದ್ಯೆಯು ಹೇಳಲು ಬಾರದ ಕಾರಣದಿಂದಲೇ ವ್ಯರ್ಥವಾಗಬಾರದು. ತರಗತಿಯಲ್ಲಿ ಇಂದು ಧೈರ್ಯದಿಂದ ಕೇಳುವ ಒಂದು ಪ್ರಶ್ನೆ, ಸಹಪಾಠಿಯ ಮಾತನ್ನು ತಾಳ್ಮೆಯಿಂದ ಆಲಿಸುವ ಒಂದು ಗಳಿಗೆ ನಾಳಿನ ಸಂದರ್ಶನಕ್ಕೆ ಸಿದ್ಧತೆಯಾಗುತ್ತದೆ. ಅಷ್ಟೇ ಅಲ್ಲ, ಉದ್ಯೋಗ ದೊರೆತ ಮೇಲೂ ಜೊತೆಗಿದ್ದು ಬಾಳನ್ನು ಹಸನುಗೊಳಿಸುತ್ತದೆ.