ಕ್ಯಾಂಪಸ್ಸಿನ ಬೆಳಕು, ಊರಿನ ನೆಲ

ಸೋಮನಾಥಪುರದಿಂದ ಕಾವೇರಿಯ ಜಾಡು ಹಿಡಿದು ಕೆಳಗೆ ಸಾಗಿದರೆ ಶಿವನಸಮುದ್ರ ಸಿಗುತ್ತದೆ. 1902ರಲ್ಲಿ ಅಲ್ಲಿ ಹುಟ್ಟಿದ ವಿದ್ಯುತ್ತು ಮೊದಲು ಹರಿದದ್ದು ಸುಮಾರು 147 ಕಿಲೋಮೀಟರ್ ದೂರದ ಕೋಲಾರದ ಚಿನ್ನದ ಗಣಿಗಳಿಗೆ. 1905ರಲ್ಲಿ ಬೆಂಗಳೂರಿಗೆ, 1908ರಲ್ಲಿ ಮೈಸೂರಿಗೆ ದೀಪ ಬಂತು. ಹಳ್ಳಿಗಳ ಸರದಿ ಬಂದದ್ದು ಬಹಳ ತಡವಾಗಿ. ನೆಲ, ಜಲ ಯಾರದು, ಬೆಳಕು ಯಾರಿಗೆ ಎಂಬ ಪ್ರಶ್ನೆ ಅಂದಿನಿಂದಲೂ ನಮ್ಮ ವಿದ್ಯುತ್ ಯೋಜನೆಗಳ ಬೆನ್ನಿಗಿದೆ.

ಈಗ ವಿಶ್ವವಿದ್ಯಾಲಯಗಳು ತಮ್ಮ ಕ್ಯಾಂಪಸ್ಸಿಗೆ ಬೇಕಾದ ವಿದ್ಯುತ್ತನ್ನು ಬಿಸಿಲು, ಜೈವಿಕ ಅನಿಲಗಳಿಂದ ತಾವೇ ಪಡೆಯಲು ಹೊರಟಿವೆ. ಇದು ಸ್ವಾಗತಾರ್ಹ. ಆದರೆ ಯೋಜನೆ ಎಲ್ಲಿಂದ ಆರಂಭವಾಗುತ್ತದೆ ಎಂಬುದು ಮುಖ್ಯ. ಎಷ್ಟು ಮೆಗಾವಾಟ್, ಎಷ್ಟು ಎಕರೆ ಎಂದು ಶುರುವಾದ ಯೋಜನೆ ಬಹುಬೇಗ ನೆರೆಯ ಗೋಮಾಳದತ್ತ ಕಣ್ಣು ಹಾಯಿಸುತ್ತದೆ.

ಇದಕ್ಕೆ ಕರ್ನಾಟಕದಲ್ಲೇ ಪಾಠವಿದೆ. ಬೆಂಗಳೂರಿನ ಭಾರತೀಯ ವಿಜ್ಞಾನ ಸಂಸ್ಥೆಯಲ್ಲಿ 1974ರಲ್ಲಿ ಪ್ರೊ. ಎ.ಕೆ.ಎನ್. ರೆಡ್ಡಿಯವರ ಮುಂದಾಳತ್ವದಲ್ಲಿ ‘ಅಸ್ತ್ರ’ ಎಂಬ ಗ್ರಾಮೀಣ ತಂತ್ರಜ್ಞಾನ ಕೇಂದ್ರ ಹುಟ್ಟಿತು. ಅದರ ವಿಜ್ಞಾನಿಗಳು ಕುಣಿಗಲ್ ತಾಲ್ಲೂಕಿನ ಪುರ ಗ್ರಾಮದಲ್ಲಿ ಯಾವ ಕೆಲಸಕ್ಕೆ ಎಷ್ಟು ಶಕ್ತಿ ವ್ಯಯವಾಗುತ್ತದೆ ಎಂದು ಅಳೆದರು. ಸಮುದಾಯ ಗೋಬರ್ ಅನಿಲ ಸ್ಥಾವರವನ್ನು ಮೊದಲು ಯೋಚಿಸಿದ್ದು ಅಡುಗೆಗೆಂದು. ಆದರೆ ಎಲ್ಲ ಮನೆಗಳ ಒಲೆಗೆ ಸಾಲುವಷ್ಟು ಸಗಣಿ ಇರಲಿಲ್ಲ. ಊರಿನ ಹೆಂಗಸರಿಗೆ ತುರ್ತಾಗಿ ಬೇಕಿದ್ದದ್ದು ನೀರು. 1987ರಿಂದ ಅದೇ ಅನಿಲ ಎಂಜಿನ್ ಓಡಿಸಿ ಕುಡಿಯುವ ನೀರೆತ್ತಿತು, ದೀಪ ಬೆಳಗಿಸಿತು. ಬಗ್ಗಡ ಸಗಣಿ ಕೊಟ್ಟವರಿಗೇ ಗೊಬ್ಬರವಾಗಿ ಮರಳಿತು. ವರ್ಷಗಳ ನಂತರ ಸ್ಥಾವರ ನಿಂತಿತು, ನಿಜ. ಆದರೆ ಅಗತ್ಯವನ್ನು ಅಳೆದು, ಬಳಸುವವರನ್ನು ಕೇಳಿ ಯೋಜಿಸುವ ಆ ಕ್ರಮ ಹಳೆಯದಾಗಿಲ್ಲ.

ಅದೇ ಸಂಸ್ಥೆಯ ಎರಡನೆಯ ಕ್ಯಾಂಪಸ್ಸಿಗೆ ಮುಂದೆ ಚಳ್ಳಕೆರೆ ತಾಲ್ಲೂಕಿನ ಅಮೃತಮಹಲ್ ಕಾವಲಿನಲ್ಲಿ 1,500 ಎಕರೆ ದೊರೆಯಿತು. ರಕ್ಷಣೆ, ಅಣುಶಕ್ತಿ, ಬಾಹ್ಯಾಕಾಶ ಸಂಸ್ಥೆಗಳೊಂದಿಗೆ ಖಾಸಗಿ ಸೌರ ಕಂಪನಿಯೊಂದಕ್ಕೂ ಅಲ್ಲಿ ಪಾಲು ಸಿಕ್ಕಿತು. ಕಡತದಲ್ಲಿ ಅದು ಸರ್ಕಾರಿ ಭೂಮಿ. ಕುರಿ, ದನ ಮೇಯಿಸುವವರಿಗೆ ಅದೇ ಬದುಕು. ಅವರ ತಕರಾರು 2013ರ ವೇಳೆಗೆ ಹಸಿರು ನ್ಯಾಯಮಂಡಳಿಯ ಎದುರಿತ್ತು. ಹುಲ್ಲುಗಾವಲನ್ನು ಬರಡು ಎಂದು ಬರೆದುಕೊಳ್ಳುವುದು ನಮ್ಮ ಯೋಜಕರ ಹಳೆಯ ಚಾಳಿ.

ಸೋಮನಾಥಪುರದ ಸುತ್ತಲಿನಂಥ ನೀರಾವರಿ ಸೀಮೆಯಲ್ಲಿ ಈ ತಪ್ಪು ಇನ್ನೂ ದುಬಾರಿ. ನೆಲದ ಮೇಲೆ ಹರಡಿದ ಒಂದು ಮೆಗಾವಾಟ್ ಸೌರ ಸ್ಥಾವರಕ್ಕೆ ನಾಲ್ಕೈದು ಎಕರೆ ಬೇಕು. ಅದೇ ಫಲಕಗಳು ಕ್ಯಾಂಪಸ್ಸಿನ ತಾರಸಿ ಏರಿದರೆ ಒಂದು ಗುಂಟೆಯೂ ಬೇಡ. ನೆರಳಿಲ್ಲದ ನೂರು ಚದರಡಿ ತಾರಸಿಯಲ್ಲಿ ಒಂದು ಕಿಲೋವಾಟ್ ಫಲಕ ಕೂರುತ್ತದೆ. ನಮ್ಮ ಬಿಸಿಲಿಗೆ ದಿನಕ್ಕೆ ಸರಾಸರಿ ನಾಲ್ಕು ಯೂನಿಟ್ ಕೊಡುತ್ತದೆ. ಹಾಸ್ಟೆಲಿನ ಸ್ನಾನಕ್ಕೆ ಸೌರ ಬಿಸಿನೀರು ಸಾಕು. ಅದಕ್ಕೆ ವಿದ್ಯುತ್ತೇ ಬೇಡ. ಅಡುಗೆಮನೆಯ ನೂರು ಕಿಲೋ ಉಳಿಕೆಯಿಂದ ಬರುವ ಅನಿಲ ಸುಮಾರು ನಾಲ್ಕು ಕಿಲೋ ಸಿಲಿಂಡರ್ ಅನಿಲಕ್ಕೆ ಸಮ. ಅದರ ಬಗ್ಗಡವನ್ನು ನೆರೆಯ ರೈತರ ಹೊಲಕ್ಕೆ ಕೊಟ್ಟರೆ ಕ್ಯಾಂಪಸ್ಸಿಗೂ ಊರಿಗೂ ನಂಟು ಬೆಳೆಯುತ್ತದೆ.

ಆದ್ದರಿಂದ ಯೋಜನೆಗೆ ಒಂದು ಕ್ರಮವಿರಲಿ. ಮೊದಲು ಒಂದು ವರ್ಷದ ಬಿಲ್ಲುಗಳನ್ನು ಕಟ್ಟಡವಾರು ಓದಿ ಪೋಲನ್ನು ತಡೆಯಬೇಕು. ಬಳಿಕ ತಾರಸಿ, ಆಮೇಲೆ ಅಡುಗೆಮನೆ. ಫಲಕದ ಧೂಳು ಒರೆಸುವವರು, ಕೆಟ್ಟಾಗ ರಿಪೇರಿ ಮಾಡುವವರು ಯಾರೆಂಬುದು, ಅದರ ಖರ್ಚು ಮೊದಲ ದಿನವೇ ಕಡತದಲ್ಲಿರಬೇಕು. ಇಷ್ಟಾದ ಮೇಲೂ ಕೊರತೆ ಬಿದ್ದರೆ ಮಾತ್ರ ನೆಲದ ಮಾತು. ಅದೂ ಗ್ರಾಮಸಭೆಯ ಮುಂದೆ.

ವಿಶ್ವವಿದ್ಯಾಲಯ ಕಲಿಸುವ ಜಾಗ. ಅದರ ತಾರಸಿ ಖಾಲಿ ಬಿದ್ದಿರುವಾಗ ಊರಿನ ದನ ಮೇಯುವ ನೆಲಕ್ಕೆ ಬೇಲಿ ಬಿದ್ದರೆ, ವಿದ್ಯಾರ್ಥಿಗಳು ಕಲಿಯುವುದು ಆ ಬೇಲಿಯ ಪಾಠವನ್ನೇ.