ಹಡಗಿನ ಅತಿಥಿಗಳೂ ನಮ್ಮ ಊರೂ

ಮಳೆಗಾಲವು ಕಳೆದು ಕಡಲು ಶಾಂತವಾಗುತ್ತಲೇ ಪಣಂಬೂರಿನ ಬಂದರಿಗೆ ವಿಹಾರನೌಕೆಗಳು ಬರತೊಡಗುವುವು. 2020ರ ಪಿಡುಗಿನಿಂದ ನಿಂತುಹೋಗಿದ್ದ ಈ ಬರವು 2022ರ ನವೆಂಬರಿನಲ್ಲಿ ಪುನಃ ಆರಂಭವಾಯಿತು. ಬೆಳಗ್ಗೆ ಬಂದ ಹಡಗು ಸಂಜೆಗೆ ಹೊರಡುವುದು. ಇಳಿದವರಿಗೆ ಚೆಂಡೆಯ ಸದ್ದಿನ ಸ್ವಾಗತವಾಗುತ್ತದೆ. ಯಕ್ಷಗಾನದ ವೇಷಧಾರಿಗಳೊಡನೆ ಛಾಯಾಚಿತ್ರವಾಗುತ್ತದೆ. ಬಳಿಕ ಬಸ್ಸುಗಳ ಸಾಲು ಹೊರಡುತ್ತದೆ. ಇಂತಿಷ್ಟು ಮಂದಿ ಇಳಿದರೆಂಬ ಸಂಖ್ಯೆಯು ಮರುದಿನದ ವೃತ್ತಪತ್ರಿಕೆಯಲ್ಲಿ ಬರುವುದು. ಆದರೆ ಇಳಿದವರು ಏನನ್ನು ಕಂಡರು, ಏನನ್ನು ಅರಿತು ಹೋದರು ಎಂದು ಕೇಳುವವರನ್ನು ನಾವು ಇದುವರೆಗೆ ಕಂಡಿಲ್ಲ. ಆ ಪ್ರಶ್ನೆಯನ್ನು ಇಲ್ಲಿ ಕೇಳಬೇಕೆಂದಿದ್ದೇವೆ.

ಈ ವಿಷಯದಲ್ಲಿ ನಮ್ಮ ವಿದ್ಯಾವಂತರಲ್ಲಿ ಎರಡು ಪಂಗಡಗಳುಂಟು. ಒಂದು ಪಂಗಡದವರು, ದೂರದಿಂದ ಬಂದವರಿಗೆ ಸಾಧ್ಯವಿದ್ದಷ್ಟು ಹೆಚ್ಚು ಸ್ಥಳಗಳನ್ನು ತೋರಿಸಿಯೇ ಕಳುಹಿಸಬೇಕು, ಇಲ್ಲವಾದರೆ ನಮ್ಮ ಊರಿನ ಮಾನ ಹೋಗುವುದೆನ್ನುವರು. ಇನ್ನೊಂದು ಪಂಗಡದವರು, ಒಂದು ಹಗಲಿನಲ್ಲಿ ಊರನ್ನು ಕಾಣುವುದೆಂಬುದೇ ಸುಳ್ಳು, ಇದು ಹಣವಂತರ ಕಾಲಹರಣ, ನಮಗೇಕೆ ಈ ಗೊಡವೆ ಎನ್ನುವರು. ಮೇಲ್ನೋಟಕ್ಕೆ ಇವೆರಡೂ ಪರಸ್ಪರ ವಿರುದ್ಧವಾಗಿ ತೋರುತ್ತವೆ. ವಿಚಾರಿಸಿ ನೋಡಿದರೆ ಎರಡರ ತಪ್ಪೂ ಒಂದೇ: ಊರನ್ನು ಕಾಣುವುದೆಂದರೆ ಸ್ಥಳಗಳನ್ನು ಎಣಿಸುವುದೆಂದು ಇಬ್ಬರೂ ತಿಳಿದಿದ್ದಾರೆ. ಎಣಿಕೆ ಸಾಕಾಗುವಷ್ಟು ಆಗಬೇಕೆಂದು ಒಬ್ಬರು ಓಡಿಸುತ್ತಾರೆ. ಎಣಿಕೆ ಹೇಗೂ ಸಾಲದೆಂದು ಇನ್ನೊಬ್ಬರು ಕೈಕಟ್ಟಿ ಕೂರುತ್ತಾರೆ.

ಮೊದಲನೆಯ ಪಂಗಡದವರೊಡನೆ ಲೆಕ್ಕವನ್ನೇ ಮಾಡಿ ನೋಡೋಣ. ಹಡಗು ಬೆಳಗ್ಗೆ 8 ಗಂಟೆಗೆ ಬಂದು ಸಂಜೆ 5ಕ್ಕೆ ಹೊರಡುವುದೆಂದು ಇಟ್ಟುಕೊಳ್ಳಿರಿ. ಒಟ್ಟು 9 ಗಂಟೆ. ಹೊರಡುವುದಕ್ಕೆ ಒಂದು ಗಂಟೆ ಮೊದಲೇ ಎಲ್ಲರೂ ಹಡಗಿನಲ್ಲಿರಬೇಕು. ಇಳಿಯುವಾಗಿನ ತಪಾಸಣೆಯ ವಿಧಿಗಳಿಗೂ ಬಸ್ಸು ಹತ್ತುವುದಕ್ಕೂ ಇನ್ನೊಂದು ಗಂಟೆ. ಉಳಿದುದು 7. ಬಂದರಿನಿಂದ ಮೂಡುಬಿದಿರೆಯ ಮಾರ್ಗವಾಗಿ ಕಾರ್ಕಳಕ್ಕೆ ಹೋಗಿ ಬರುವುದೆಂದರೆ ಹೆಚ್ಚುಕಡಿಮೆ 100 ಕಿಲೋಮೀಟರು. ದಾರಿಯಲ್ಲೇ 3 ಗಂಟೆ ಕಳೆಯುವುದು. ಊಟಕ್ಕೆ ಒಂದು. ಉಳಿದ 3 ಗಂಟೆಗಳನ್ನು ಕಾರ್ಕಳದ ಗೊಮ್ಮಟ, ಮೂಡುಬಿದಿರೆಯ ಸಾವಿರ ಕಂಬದ ಬಸದಿ, ಕುದ್ರೋಳಿಯ ದೇವಾಲಯ, ಅಲೋಶಿಯಸ್ ಕಾಲೇಜಿನ ಇಗರ್ಜಿ, ಒಂದು ಗೇರುಬೀಜದ ಕಾರ್ಖಾನೆ ಇವಕ್ಕೆ ಹಂಚಿದರೆ ಒಂದೊಂದಕ್ಕೆ 36 ಮಿನಿಟು. ಹತ್ತಿ ಇಳಿದು, ತಲೆಯೆಣಿಸಿ, ತಪ್ಪಿಸಿಕೊಂಡವರನ್ನು ಹುಡುಕುವ ಹೊತ್ತನ್ನು ಕಳೆದರೆ ಇಪ್ಪತ್ತೂ ಉಳಿಯಲಾರದು. 1430ರಲ್ಲಿ ಕಟ್ಟಿದ ಬಸದಿಯನ್ನೂ 1432ರಲ್ಲಿ ನಿಲ್ಲಿಸಿದ 42 ಅಡಿಯ ಏಕಶಿಲಾ ವಿಗ್ರಹವನ್ನೂ ಇಪ್ಪತ್ತಿಪ್ಪತ್ತು ಮಿನಿಟುಗಳಲ್ಲಿ ತೀರಿಸಿದ ಅತಿಥಿಯು, ಆ ದಿನ ಹೆಚ್ಚು ಹೊತ್ತು ನೋಡಿದುದು ಬಸ್ಸಿನ ಮುಂದಿನ ಆಸನದ ಬೆನ್ನನ್ನೇ ಹೊರತು ಬೇರೆಯಲ್ಲ.

ಎಲ್ಲವನ್ನೂ ತೋರಿಸದೆ ಕಳುಹಿಸುವುದು ಆತಿಥ್ಯಕ್ಕೆ ಭಂಗವೆನ್ನುವವರಿಗೆ ಒಂದು ಮಾತು. ಬಾಳೆಯೆಲೆಯ ತುಂಬ ಹದಿನಾರು ಬಗೆ ಬಡಿಸಿ, ಅತಿಥಿಯು ಕೈಯಿಕ್ಕುವ ಮೊದಲೇ ಎಲೆಯನ್ನು ಎತ್ತುವವನನ್ನು ನಾವು ಉದಾರಿಯೆನ್ನುತ್ತೇವೆಯೆ? ಅನ್ನ ಸಾರುಗಳನ್ನಷ್ಟೇ ಬಡಿಸಿ, ಎದುರಿಗೆ ಕುಳಿತು, ಸಾಕೇ ಬೇಕೇ ಎಂದು ವಿಚಾರಿಸಿದವನ ಮನೆಯೂಟವು ಅದಕ್ಕಿಂತ ಮೇಲು. ಈ ಓಟವನ್ನು ಪರದೇಶದವರು ನಮಗೆ ಕಲಿಸಿದರೆಂದೂ ಹೇಳುವಂತಿಲ್ಲ. ಕೊಲ್ಲೂರು, ಉಡುಪಿ, ಕಟೀಲು, ಧರ್ಮಸ್ಥಳ, ಸುಬ್ರಹ್ಮಣ್ಯಗಳನ್ನು ಒಂದೇ ದಿನದಲ್ಲಿ ಮುಗಿಸಿ ಬಂದೆವೆಂದು ಹೆಮ್ಮೆಪಡುವ ಮನೆಗಳು ನಮ್ಮ ವಾಚಕರಲ್ಲಿಯೇ ಇಲ್ಲದಿಲ್ಲ. ನಾವು ದೇವರ ಮುಂದೆ ನಿಲ್ಲುವಂತೆಯೇ ಅತಿಥಿಗಳನ್ನೂ ನಿಲ್ಲಿಸುತ್ತಿದ್ದೇವೆ: ಹಿಂದಿನವನ ದೂಡುವಿಕೆಗೆ ಮುಂದೆ ಸಾಗುತ್ತ.

ಇನ್ನು ಎರಡನೆಯ ಪಂಗಡದವರ ವಾದ. ಸ್ವಲ್ಪ ಕಾಲ ತಂಗಿದವನು ಏನನ್ನೂ ಅರಿಯಲಾರನೆಂಬುದು ನಮ್ಮ ಬಂದರಿನ ಚರಿತ್ರೆಗೇ ವಿರುದ್ಧವಾದ ಮಾತು. ದೀರ್ಘಕಾಲ ನೆಲಸಿದವರೂ ಇಲ್ಲಿದ್ದರು. ಹನ್ನೆರಡನೆಯ ಶತಮಾನದಲ್ಲಿ ಅಬ್ರಹಾಂ ಬೆನ್ ಯಿಜು ಎಂಬ ಯೆಹೂದಿ ವರ್ತಕನು ಸುಮಾರು 17 ವರ್ಷ ಮಂಗಳೂರಿನಲ್ಲಿದ್ದನೆಂಬುದು ಕೈರೋದ ಹಳೆಯ ಯೆಹೂದಿ ಮಂದಿರದಲ್ಲಿ ದೊರೆತ ಕಾಗದಗಳಿಂದ ತಿಳಿಯುತ್ತದೆ. ಆದರೆ 1623ರ ಕೊನೆಯಲ್ಲಿ ಬಂದ ಪಿಯೆತ್ರೊ ದೆಲ್ಲಾ ವಾಲ್ಲೆ ಎಂಬ ಇಟಲಿಯವನು ಈ ಕಡೆ ಇದ್ದುದು ಕೆಲವೇ ದಿನ. ಅಷ್ಟರಲ್ಲಿ ಅವನು ಕದ್ರಿಗೆ ಹೋಗಿ ಜೋಗಿಗಳ ಅರಸನನ್ನು ಕಂಡನು. ಉಳ್ಳಾಲದ ರಾಣಿಯು ಬರಿಗಾಲಿನಲ್ಲಿ ನಡೆದುಕೊಂಡು ತಾನು ತೋಡಿಸುತ್ತಿದ್ದ ನೀರಿನ ಕಾಲುವೆಗಳನ್ನು ನೋಡಲು ಹೊರಟಿದ್ದಾಗ ಅವಳನ್ನು ದಾರಿಯಲ್ಲಿಯೇ ಸಂಧಿಸಿ ಮಾತನಾಡಿಸಿದನು. ಕಂಡುದನ್ನು ಸ್ನೇಹಿತನಿಗೆ ಬರೆದನು. ಆ ಕಾಗದಗಳು ಇಂದಿಗೂ ನಮ್ಮ ಸೀಮೆಯ ಚರಿತ್ರೆಕಾರರಿಗೆ ಆಧಾರ. ಅವನು ನಡೆದನು, ನಿಂತನು, ಕೇಳಿದನು. ಹಡಗಿನಿಂದಿಳಿದ ಸಾವಿರ ಮಂದಿಯಲ್ಲಿ ಅಂಥವನು ಒಬ್ಬನೇ ಇದ್ದರೂ, ಅವನನ್ನು ಬಸ್ಸಿನಲ್ಲಿ ಕೂಡಿಹಾಕುವ ಅಧಿಕಾರವನ್ನು ನಮಗೆ ಕೊಟ್ಟವರಾರು?

ಇದನ್ನು ಬರೆಯುವ ನಾವೇನೂ ನಿರ್ದೋಷಿಗಳಲ್ಲ. ಕೆಲವು ವರ್ಷಗಳ ಕೆಳಗೆ ಬಂಧುವೊಬ್ಬರ ಪರಿಚಯದ ಮೇಲೆ, ಹಡಗಿನಿಂದಿಳಿದ ವೃದ್ಧ ದಂಪತಿಗಳಿಬ್ಬರಿಗೆ ಊರು ತೋರಿಸುವ ಕೆಲಸ ನಮ್ಮ ಪಾಲಿಗೆ ಬಂದಿತು. ಇಬ್ಬರೂ ಅಧ್ಯಾಪಕರಾಗಿದ್ದವರು. ಆರು ಸ್ಥಳಗಳನ್ನು ಮುಗಿಸಿದೆವು. ಇಸವಿಗಳನ್ನೂ ಅಡಿಗಳನ್ನೂ ಒಪ್ಪಿಸಿದೆವು. ಮರಳಿ ಬಂದರಿನ ಬಾಗಿಲಿಗೆ ಬಂದಾಗ ಆ ತಾಯಿಯು, "ಬೆಳಗ್ಗಿನಿಂದ ನೀವು ಬೇರೆಬೇರೆಯವರೊಡನೆ ಆಡಿದುದು ಒಂದೇ ಭಾಷೆಯೇ? ಪ್ರತಿಸಲವೂ ನಿಮ್ಮ ಧ್ವನಿಯೇ ಬದಲಾಗುತ್ತಿತ್ತಲ್ಲ" ಎಂದು ಕೇಳಿದರು. ನಾವು ಮೋಟಾರಿನವನೊಡನೆ ತುಳುವಿನಲ್ಲಿಯೂ, ಜವಳಿಯಂಗಡಿಯವರೊಡನೆ ಕೊಂಕಣಿಯಲ್ಲಿಯೂ, ದೇವಾಲಯದ ಕಚೇರಿಯಲ್ಲಿ ಕನ್ನಡದಲ್ಲಿಯೂ ಮಾತನಾಡಿದ್ದೆವು. ಹಣ್ಣಿನ ವ್ಯಾಪಾರಿಯು ತನ್ನ ಮಗನನ್ನು ಬ್ಯಾರಿಯಲ್ಲಿ ಕೂಗಿದ್ದನು. ಒಂದೇ ಮಧ್ಯಾಹ್ನದಲ್ಲಿ ನಾಲ್ಕು ಭಾಷೆಗಳು! ಇದಕ್ಕಿಂತ ಹೇಳತಕ್ಕ ಸಂಗತಿಯು ನಮ್ಮ ಊರಿನಲ್ಲಿ ಬೇರೇನಿದೆ? ಅದನ್ನು ಹೇಳಬೇಕೆಂದು ನಮಗೆ ಹೊಳೆಯಲೇ ಇಲ್ಲ. ಉತ್ತರ ಕೊಡುವಷ್ಟರಲ್ಲಿ ಅವರ ವೇಳೆ ಮುಗಿದಿತ್ತು. ಆ ನಾಚಿಕೆಯೇ ಈ ಲೇಖನಕ್ಕೆ ಕಾರಣ.

ಹಾಗಾದರೆ ಮಾಡತಕ್ಕದ್ದೇನು? ಒಂದು ಹಗಲಿಗೆ ಒಂದು ಗುಡ್ಡ, ಅಥವಾ ಒಂದು ಬೀದಿ, ಅಥವಾ ಒಂದು ಕಥೆ ಸಾಕು ಎಂಬುದು ನಮ್ಮ ಮತ. ಕದ್ರಿಯನ್ನೇ ತೆಗೆದುಕೊಳ್ಳಿರಿ. ಅಲ್ಲಿಯ ಲೋಕೇಶ್ವರನ ಕಂಚಿನ ವಿಗ್ರಹಕ್ಕೆ ಮೂರು ಮುಖ, ಆರು ಕೈ. ಆಳುಪ ದೊರೆ ಕುಂದವರ್ಮನು ಕದರಿಕಾ ವಿಹಾರದಲ್ಲಿ ಅದನ್ನು ಪ್ರತಿಷ್ಠಿಸಿದನೆಂದು 968ರ ಪೀಠಶಾಸನವು ಹೇಳುತ್ತದೆ. ವಿಹಾರವೆಂಬ ಮಾತಿನಿಂದ ಇದು ಬೌದ್ಧರ ಅವಲೋಕಿತೇಶ್ವರನೆಂದು ಕೆಲವರು ವಿದ್ವಾಂಸರೂ, ಅಲ್ಲ, ನಾಥಪಂಥದ ಶಿವಸ್ವರೂಪನೆಂದು ಕೆಲವರೂ ವಾದಿಸಿದ್ದಾರೆ. ಗುಡ್ಡದಿಂದ ಹರಿದುಬರುವ ನೀರು, ಕೆರೆಗಳ ಸಾಲು, ಮೇಲೆ ಜೋಗಿಮಠ, ಕಾಲಡಿಯ ಮುರಕಲ್ಲು ಎಲ್ಲವೂ ಒಂದೇ ನಡಿಗೆಯೊಳಗಿವೆ. ಎರಡು ಗಂಟೆ ಇಲ್ಲಿ ನಿಧಾನವಾಗಿ ಕಳೆದವನು, ಧರ್ಮಗಳು ಒಂದರ ಮಗ್ಗುಲಲ್ಲೊಂದು ಹೇಗೆ ಬಾಳಿದುವೆಂಬುದನ್ನು ಕಣ್ಣಾರೆ ಕಂಡು ಹೋಗುವನು. ಬಳಿಕ ರಥಬೀದಿಗೆ ಇಳಿದು, ಹೂವಿನ ಅಂಗಡಿಯ ಮುಂದೆ ನಿಂತು, ನಾಲ್ಕು ಚೆಂಡು ಮಲ್ಲಿಗೆಗೆ ಒಂದು ಅಟ್ಟೆಯೆಂಬ ಲೆಕ್ಕವನ್ನು ಕೇಳಿ, ನೀರುದೋಸೆ ತಿಂದು ಹಡಗಿಗೆ ಮರಳಿದರೆ ಅವನ ದಿನವು ಸಾರ್ಥಕವೇ ಸರಿ.

ಚಿತ್ರಕಲೆಯಲ್ಲಿ ಆಸಕ್ತಿಯುಳ್ಳವರಿಗೆ ಅಲೋಶಿಯಸ್ ಇಗರ್ಜಿಯೊಂದೇ ಅರ್ಧ ದಿನಕ್ಕೆ ಸಾಕು. ಇಟಲಿಯಿಂದ ಬಂದ ಅಂತೋನಿಯೊ ಮೋಸ್ಕೆನಿಯು 1899ರಿಂದ 1901ರ ವರೆಗೆ ಅದರ ಗೋಡೆಮಾಡುಗಳನ್ನು ಚಿತ್ರಿಸಿದನು. ಎರಡು ವರ್ಷ ತಲೆಯೆತ್ತಿ ದುಡಿದವನ ಕೆಲಸವನ್ನು ನೋಡುವುದಕ್ಕೆ ಎರಡು ಗಂಟೆಯಾದರೂ ತಲೆಯೆತ್ತಬೇಡವೇ? ಜರ್ಮನಿ ಸ್ವಿಟ್ಜರ್ಲೆಂಡುಗಳಿಂದ ಬಂದವರಿಗೆ ಬೇರೊಂದು ಕಥೆಯುಂಟು: 1834ರಲ್ಲಿ ಇಲ್ಲಿಗೆ ಬಂದ ಬಾಸೆಲ್ ಮಿಶನ್, 1843ರ ಜುಲೈ 1ರಂದು ಮೊಗ್ಲಿಂಗರು ಕಲ್ಲಚ್ಚಿನಲ್ಲಿ ಹೊರಡಿಸಿದ, ಕನ್ನಡದ ಮೊದಲ ವೃತ್ತಪತ್ರಿಕೆಯಾದ 'ಮಂಗಳೂರ ಸಮಾಚಾರ', 1865ರಲ್ಲಿ ಆರಂಭವಾದ ಹಂಚಿನ ಕಾರ್ಖಾನೆ, 1894ರಲ್ಲಿ ಹೊರಬಂದ ಕಿಟ್ಟೆಲರ ನಿಘಂಟು. ಈ ಊರಿನ ಕೆಂಪು ಹಂಚುಗಳು ಪೂರ್ವ ಆಫ್ರಿಕದ ವರೆಗೂ ಹಡಗೇರಿ ಹೋದುವು. ನಮ್ಮ ನೇತ್ರಾವತಿ ಗುರುಪುರ ನದಿಗಳ ಜೇಡಿಯು ಕಡಲಾಚೆಯ ಮನೆಗಳಿಗೆ ಮಾಡಾಯಿತೆಂದು ಹಳೆಯ ಬಂದರಿನ ಧಕ್ಕೆಯ ಮೇಲೆ ನಿಂತು ಹೇಳಿದರೆ ಕೇಳುವವರಿಗೆ ಮರೆಯಲಾರದು. ಕಾರ್ಕಳ ಮೂಡುಬಿದಿರೆಗಳನ್ನೇ ನೋಡಬೇಕೆನ್ನುವವರು ಅವನ್ನೇ ನೋಡಲಿ; ಆದರೆ ಆ ದಿನ ಪೇಟೆಯನ್ನು ಬಿಟ್ಟುಬಿಡಲಿ. ಬಿಡುವುದನ್ನು ಕಲಿಯದವನು ನೋಡುವುದನ್ನು ಕಲಿಯಲಾರನು.

ತೋರಿಸಬಾರದ ರೀತಿಗಳೂ ಕೆಲವಿವೆ. ಬೆಲೆಯಲ್ಲಿ ತನ್ನ ಪಾಲು ಪಡೆಯುವ ಉದ್ದೇಶದಿಂದ ಅತಿಥಿಗಳನ್ನು ಒಂದೇ ಅಂಗಡಿಗೆ ನೂಕುವ ಮಾರ್ಗದರ್ಶಿಯು, ಊರಿನ ಹೆಸರನ್ನು ದಲ್ಲಾಳಿಗೆ ಮಾರುತ್ತಾನೆ. ಯಕ್ಷಗಾನದ ವೇಷವನ್ನು ಬಾಗಿಲಲ್ಲಿ ನಿಲ್ಲಿಸಿ ಚಿತ್ರ ತೆಗೆಯಿಸುವುದು ಕಲೆಯ ಪರಿಚಯವಲ್ಲ; ಭಾಗವತರ ಹಾಡು, ಮದ್ದಳೆ, ಒಂದು ಸಣ್ಣ ಸಂವಾದ, ಅದರ ಅರ್ಥವನ್ನು ತಿಳಿಸುವ ಒಬ್ಬರು, ಇಷ್ಟಿದ್ದರೆ ಅರ್ಧ ಗಂಟೆಯಲ್ಲಿ ಕಲೆಯ ಪ್ರಾಣವನ್ನು ತೋರಿಸಬಹುದು. ವೇಷಧಾರಿಗೂ ಅದರಿಂದ ಮರ್ಯಾದೆ. ಭೂತಕೋಲವನ್ನಂತೂ ಪ್ರವಾಸಿಗಳ ವಿನೋದಕ್ಕಾಗಿ ಎಂದಿಗೂ ಆಡಿಸಬಾರದು. ಅದು ಆಟವಲ್ಲ, ಆರಾಧನೆ. ನಡೆಯುವಲ್ಲಿಗೆ ಯಾರಾದರೂ ವಿನಯದಿಂದ ಬಂದು ನಿಂತರೆ ಅಡ್ಡಿಯಿಲ್ಲ. ಹಡಗಿನ ವೇಳಾಪಟ್ಟಿಗೆ ದೈವವನ್ನು ಇಳಿಸುವುದು ಅಪಚಾರ.

ಇಷ್ಟನ್ನೂ ಸರಕಾರವೇ ಮಾಡಲಿ, ಬಂದರಿನವರೇ ಮಾಡಲಿ ಎಂದು ಕೆಲವರು ಹೇಳುವರು. ಬಂದರಿನವರು ಹಡಗನ್ನು ಕಟ್ಟಬಲ್ಲರು. ಬಸ್ಸಿನವರು ಬಸ್ಸನ್ನು ನಡೆಸಬಲ್ಲರು. ಊರಿನ ಕಥೆಯನ್ನು ಹೇಳತಕ್ಕವರು ಊರಿನವರು. ಆದರೆ ಆ ಕಥೆಯು ನಮ್ಮಲ್ಲಿ ಎಷ್ಟು ಮನೆಗಳಿಗೆ ಗೊತ್ತಿದೆ? ಕುಂದವರ್ಮನ ಹೆಸರನ್ನು ನಮ್ಮ ಮಕ್ಕಳು ಕೇಳಿರುವರೇ? ಸುಲ್ತಾನ್ ಬತ್ತೇರಿಯನ್ನು ಯಾರು, ಯಾವಾಗ, ಯಾವ ಭಯದಿಂದ ಕಟ್ಟಿಸಿದರೆಂದು ಅದರ ನೆರೆಯಲ್ಲಿರುವವರಾದರೂ ಹೇಳಬಲ್ಲರೇ? ಪರರಿಗೆ ಊರನ್ನು ತೋರಿಸಬೇಕಾದರೆ ನಾವು ಮೊದಲು ಅದನ್ನು ನೋಡಬೇಕು. ಆದುದರಿಂದ ನಮ್ಮ ವಾಚಕರ ಮನೆಗಳವರು ತಿಂಗಳಿಗೊಂದು ಆದಿತ್ಯವಾರ ಮಕ್ಕಳೊಡನೆ ಒಂದೇ ಸ್ಥಳಕ್ಕೆ, ನಡೆದುಕೊಂಡು, ಬುತ್ತಿ ಕಟ್ಟಿಕೊಂಡು ಹೋಗಲಿ. ಕಂಡುದನ್ನು ಒಂದು ಪುಟ ಬರೆದಿಡಲಿ. ಕಾಲೇಜಿನ ತರುಣ ತರುಣಿಯರಲ್ಲಿ ಹತ್ತು ಮಂದಿ ಹೀಗೆ ಸಿದ್ಧರಾದರೆ, ಮುಂದಿನ ಹಡಗಿನವರಲ್ಲಿ ಹತ್ತು ಸಣ್ಣ ಗುಂಪುಗಳಾದರೂ ಬಸ್ಸನ್ನು ಬಿಟ್ಟು ಬೀದಿಯಲ್ಲಿ ನಡೆಯುವುವು.

ಹಡಗು ಸಂಜೆಗೆ ಹೊರಟುಹೋಗುವುದು. ಊರಿನಲ್ಲಿ ಉಳಿಯುವವರು ನಾವು. ಅತಿಥಿಯ ಅವಸರವನ್ನು ಕ್ಷಮಿಸಬಹುದು, ಅವನಿಗೆ ಇರುವುದು ಒಂದೇ ಹಗಲು. ಆಯುಷ್ಯವೆಲ್ಲ ಇಲ್ಲಿ ಕಳೆಯುವ ನಮ್ಮ ಅಜ್ಞಾನಕ್ಕೆ ಏನು ನೆವ ಹೇಳೋಣ? ಇದಕ್ಕೆ ಪ್ರತಿಯಾಗಿ ಹೇಳತಕ್ಕವರು ಇದೇ ಪತ್ರಿಕೆಯಲ್ಲಿ ಬರೆಯಲಿ. ಆದರೆ ಬರೆಯುವ ಮೊದಲು ಒಂದು ಬೆಳಗ್ಗೆ ಕದ್ರಿಯ ಗುಡ್ಡವನ್ನು ಹತ್ತಿ ಬರಲಿ ಎಂಬುದಿಷ್ಟೇ ನಮ್ಮ ವಿಜ್ಞಾಪನೆ.